ನಿಧಾನದ ಮೀಟರಿಗೆ ಅವಸರ ಕಲಿಸುವ ಕ್ರಮ



ಆರೂವರೆ ಅಂಕಿಯ ಡಿಜಿಟಲ್ ಮಲ್ಟಿಮೀಟರನ್ನು ಕಂಪ್ಯೂಟರಿಗೆ ಜೋಡಿಸಿ, ಅದು ಸೆಕೆಂಡಿಗೊಂದರಂತೆ ರೀಡಿಂಗ್ ಉದುರಿಸುವುದನ್ನು ನೋಡುತ್ತ ಕೂತು, ಕೊನೆಗೂ ತಾಳ್ಮೆ ಕಳೆದುಕೊಂಡದ್ದಕ್ಕೆ ನಿಮಗೆ ಅಭಿನಂದನೆಗಳು. ಈ ಕೈಪಿಡಿ ನಿಮ್ಮಂಥವರಿಗೆಂದೇ ಸಿದ್ಧವಾದದ್ದು. ಮೀಟರಿನ ಜೊತೆ ಬಂದ ಅಸಲು ಕೈಪಿಡಿಯ ಜಾಗವನ್ನು ಇದು ತುಂಬಲಾರದು. ಅಸಲು ಕೈಪಿಡಿ ವಿಭಾಗದ ಕಬ್ಬಿಣದ ಬೀರುವಿನಲ್ಲಿದೆ. ಬೀರುವಿನ ಬೀಗದಕೈ ಇಟ್ಟುಕೊಂಡವರು ಎಲ್‌ಟಿಸಿ ಮೇಲೆ ಊರು ಸುತ್ತಲು ಹೋಗಿದ್ದಾರೆ. ಅವರು ಬರುವ ತನಕ ಇದನ್ನು ಓದಿಕೊಂಡಿರಿ.

ಉದಾಹರಣೆಗೆಂದು ಎಚ್‌ಪಿ 34401ಎ ಮೀಟರನ್ನು ಆರಿಸಿಕೊಂಡಿದ್ದೇವೆ. 1990ರ ದಶಕದ ಆರಂಭದ ಈ ಮಾಡೆಲ್‌ನ ಮುಖದ ಮೇಲಿಂದ ಎಚ್‌ಪಿ ಹೋಗಿ ಅಜಿಲೆಂಟ್ ಬಂತು, ಅಜಿಲೆಂಟ್ ಹೋಗಿ ಕೀಸೈಟ್ ಬಂತು. ಮೀಟರು ಮಾತ್ರ ಮೇಜು ಬಿಟ್ಟು ಕದಲಲಿಲ್ಲ. ನಿಮ್ಮಲ್ಲಿರುವುದು ಬೇರೆ ಕಂಪನಿಯದಾದರೂ ಚಿಂತೆಯಿಲ್ಲ. ಗುಂಡಿಗಳ ಜಾಗ ಬೇರೆ, ಸಂಕಟ ಅದೇ.

ನಿಮ್ಮ ಬಳಿ ಇರಬೇಕಾದ ಸಾಮಾನು

ಮೀಟರು ಒಂದು. ಕಂಪ್ಯೂಟರು ಒಂದು. ಇವೆರಡರ ನಡುವೆ ಜಿಪಿಐಬಿ ಕೇಬಲ್ ಒಂದು: ಹೆಬ್ಬೆರಳಿನಷ್ಟು ದಪ್ಪ, 24 ಪಿನ್ನು, ಒಂದರ ಬೆನ್ನಿಗೆ ಇನ್ನೊಂದನ್ನು ಸಿಕ್ಕಿಸುತ್ತ ಹೋಗಬಹುದಾದ ತಲೆ. ಎಚ್‌ಪಿಯವರು 1960ರ ದಶಕದ ಕೊನೆಯಲ್ಲಿ ತಮ್ಮ ಉಪಕರಣಗಳಿಗೆಂದು ಮಾಡಿಕೊಂಡ ಈ ಏರ್ಪಾಡು 1975ರಲ್ಲಿ ಐಇಇಇ 488 ಎಂಬ ಮಾನಕವಾಯಿತು. ಇದನ್ನು ಮನೆಗೆ ಕಳಿಸಲೆಂದು ಯುಎಸ್‌ಬಿ ಬಂತು, ಈಥರ್ನೆಟ್ ಬಂತು. ಇದು ನಿವೃತ್ತಿಯಾದ ಮೇಲೂ ಡ್ಯೂಟಿಗೆ ಬರುತ್ತಲೇ ಇದೆ.

ನಾಲ್ಕನೆಯದು ಪ್ರೋಗ್ರಾಂ. ಇದು ಯಾವ ಪೆಟ್ಟಿಗೆಯಲ್ಲೂ ಬರುವುದಿಲ್ಲ, ಪಿತ್ರಾರ್ಜಿತವಾಗಿ ಬರುತ್ತದೆ. ಫೈಲಿನ ಹೆಸರು ಸಾಮಾನ್ಯವಾಗಿ ‘ಆರ್‌ಟಿ ಫೈನಲ್ ನ್ಯೂ 3’ ಎಂದಿರುತ್ತದೆ. ಬರೆದವರು ಪಿಎಚ್‌ಡಿ ಮುಗಿಸಿ ಜರ್ಮನಿಗೆ ಪೋಸ್ಟ್‌ಡಾಕ್ ಹೋಗಿರುತ್ತಾರೆ. ನಡುವೆ ಎಲ್ಲೋ ಒಂದು ಕಡೆ ‘ಸ್ಲೀಪ್ 0.5’ ಎಂಬ, ಅರ್ಧ ಸೆಕೆಂಡು ಸುಮ್ಮನೆ ಮಲಗಿರು ಎನ್ನುವ ಸಾಲೂ, ಅದರ ಪಕ್ಕ ‘ದಯವಿಟ್ಟು ತೆಗೆಯಬೇಡಿ’ ಎಂಬ ಟಿಪ್ಪಣಿಯೂ ಇರುತ್ತವೆ. ಲ್ಯಾಬಿನಲ್ಲಿ ಯಾರೂ ಅದನ್ನು ತೆಗೆದಿಲ್ಲ. ಹೊಸದಾಗಿ ಸೇರಿದವರಿಗೆ ಸೀನಿಯರ್‌ಗಳು ಹೇಳುವ ಮೊದಲ ಮಾತೇ, “ಅದೊಂದನ್ನ ಮುಟ್ಬೇಡ ಮಾರಾಯ.”

ಮೊದಲು ಆರೋಪಿಯನ್ನು ಗುರುತಿಸಿ

ನಿಧಾನ ಎಂದ ಕೂಡಲೇ ಲ್ಯಾಬಿನಲ್ಲಿ ಹೊಳೆಯುವ ಪರಿಹಾರ ಹೊಸ ಕಂಪ್ಯೂಟರ್. ಅದಕ್ಕೆ ಮೂರು ಕೊಟೇಶನ್, ಒಂದು ಕಮಿಟಿ, ಮಾರ್ಚ್ 31ರೊಳಗೆ ಬಿಲ್ಲು. ಇಷ್ಟೆಲ್ಲ ಆಗಿ ಕಂಪ್ಯೂಟರ್ ಬಂದ ಮೇಲೆ ಮೀಟರು ಮೊದಲಿನಷ್ಟೇ ನಿಧಾನವಾಗಿ, ಆದರೆ ದೊಡ್ಡ ಪರದೆಯ ಮೇಲೆ, ಅಂಕಿ ಕೊಡುತ್ತದೆ.

ಆದ್ದರಿಂದ ಮೊದಲು ಲೆಕ್ಕ ಹಾಕಿ. ಏನನ್ನೂ ಬದಲಿಸದೆ ಬಿಟ್ಟರೆ ಈ ಮೀಟರು ಒಂದು ಡಿಸಿ ವೋಲ್ಟೇಜ್ ರೀಡಿಂಗಿಗೆ ಕರೆಂಟಿನ 10 ಆವರ್ತಗಳಷ್ಟು ಹೊತ್ತು ತೆಗೆದುಕೊಳ್ಳುತ್ತದೆ. ನಮ್ಮ 50 ಹರ್ಟ್ಸ್‌ನಲ್ಲಿ ಅದು 200 ಮಿಲಿಸೆಕೆಂಡು. ಅಳೆದಾದ ಮೇಲೆ ಹೊರಗಿನ ತಂತಿಯನ್ನು ಒಳಗೇ ಕಳಚಿ, ತನ್ನ ಸೊನ್ನೆ ಎಲ್ಲಿದೆ ಎಂದು ಅಷ್ಟೇ ಹೊತ್ತು ನೋಡಿಕೊಳ್ಳುತ್ತದೆ. ಇದಕ್ಕೆ ಆಟೋಜೀರೋ ಎನ್ನುತ್ತಾರೆ. ಅಲ್ಲಿಗೆ 400 ಮಿಲಿಸೆಕೆಂಡು. ಸೀನಿಯರ್ ಬಿಟ್ಟುಹೋದ ನಿದ್ದೆ 500. ಹಳೆಯ ಕಂಪ್ಯೂಟರು ಎಷ್ಟೇ ಏದುಸಿರು ಬಿಟ್ಟರೂ ಇದರಲ್ಲಿ ಅದರ ಪಾಲು ಕೆಲವೇ ಮಿಲಿಸೆಕೆಂಡು. ಕಮಿಟಿಗೆ ಈ ಲೆಕ್ಕವನ್ನು ತೋರಿಸಬೇಡಿ. ಕಂಪ್ಯೂಟರ್ ಬೇರೆ ಕೆಲಸಕ್ಕೂ ಬೇಕಾಗುತ್ತದೆ.

ಮುಟ್ಟಬಾರದ ಸಾಲನ್ನು ಮುಟ್ಟುವುದು

ಆ ‘ಸ್ಲೀಪ್’ ಅಲ್ಲಿಗೆ ಬಂದದ್ದು ಹೀಗಿರಬೇಕು. ಸೀನಿಯರ್ ಒಂದು ದಿನ ಮೀಟರನ್ನು 100 ಆವರ್ತಕ್ಕೆ ಇಟ್ಟಿದ್ದರು. ಅಂದರೆ ಅಳೆಯಲು 2 ಸೆಕೆಂಡು, ಸೊನ್ನೆಗೆ 2 ಸೆಕೆಂಡು, ಒಟ್ಟು 4. ಉಪಕರಣಗಳ ಜೊತೆ ಮಾತಾಡುವ ಪೈಥಾನಿನ ಪೈವೀಸಾ ಉತ್ತರಕ್ಕಾಗಿ ಕಾಯುವುದು, ನಾವು ಬೇರೆ ಹೇಳದಿದ್ದರೆ, 2 ಸೆಕೆಂಡು ಮಾತ್ರ. ಆಮೇಲೆ ಅದು ‘ಟೈಮ್‌ಔಟ್’ ಎಂದು ಕೂಗಿ ಬಿದ್ದುಬಿಡುತ್ತದೆ. ಸೀನಿಯರ್ ಅಲ್ಲೊಂದು ನಿದ್ದೆ ಸೇರಿಸಿದರು, ಸಾಲದೆ ಇನ್ನಷ್ಟು ಸೇರಿಸಿದರು, ಕೂಗು ನಿಂತಿತು. ಮುಂದೆ 100 ಆವರ್ತ ಹೋಗಿ 10 ಆಯಿತು. ನಿದ್ದೆ ಅರ್ಧ ಸೆಕೆಂಡಿಗೆ ಇಳಿದು ಅಲ್ಲೇ ಬೇರೂರಿತು.

ಮಾಡಬೇಕಾದ್ದು ಇಷ್ಟೇ. ಟೈಮ್‌ಔಟನ್ನು 10 ಸೆಕೆಂಡಿಗೆ ಏರಿಸಿ, ನಿದ್ದೆಯನ್ನು ಅಳಿಸಿ. ಟೈಮ್‌ಔಟ್ ಎಂದರೆ ಹೆಚ್ಚೆಂದರೆ ಇಷ್ಟು ಹೊತ್ತು ಕಾಯಿರಿ ಎಂದು. ಉತ್ತರ ಬೇಗ ಬಂದರೆ ಬೇಗ ಮುಂದಕ್ಕೆ ಹೋಗುತ್ತದೆ. ನಿದ್ದೆ ಹಾಗಲ್ಲ, ಉತ್ತರ ಬಂದು ಬಾಗಿಲಲ್ಲಿ ನಿಂತಿದ್ದರೂ ಅದು ಏಳುವುದಿಲ್ಲ. ಮೀಟರು ಕೆಲಸ ಮುಗಿಸಿತೇ ಎಂದು ತಿಳಿಯಲೇಬೇಕಾದಲ್ಲಿ ‘ಆಪರೇಶನ್ ಕಂಪ್ಲೀಟ್?’ ಎಂದು ಅದನ್ನೇ ಕೇಳಿ. ಮುಗಿದ ಮೇಲೆ 1 ಎಂದು ಉತ್ತರ ಕೊಡುತ್ತದೆ. ಜರ್ಮನಿಗೆ ಮೇಲ್ ಬರೆದು ಅನುಮತಿ ಕೇಳುವ ಅಗತ್ಯವಿಲ್ಲ.

‘ಮೆಷರ್’ ಎಂಬ ಸಜ್ಜನ

1990ರಲ್ಲಿ ಉಪಕರಣ ತಯಾರಕರು ಸೇರಿ ಎಸ್‌ಸಿಪಿಐ ಎಂಬ ಆಜ್ಞೆಗಳ ಭಾಷೆಯೊಂದನ್ನು ಒಪ್ಪಿಕೊಂಡರು. ಬಲ್ಲವರು ಅದನ್ನು ಸ್ಕಿಪ್ಪಿ ಎನ್ನುತ್ತಾರೆ. ಅದರಲ್ಲಿ ಎಲ್ಲಕ್ಕಿಂತ ಸುಲಭದ ಆಜ್ಞೆ ‘ಮೆಷರ್?’. ಬರೆದರೆ ಸಾಕು, ಅಂಕಿ ಬರುತ್ತದೆ. ಪಿತ್ರಾರ್ಜಿತ ಪ್ರೋಗ್ರಾಂಗಳಲ್ಲೆಲ್ಲ ಇದೇ ಇರುವುದು.

ಈ ಸಜ್ಜನನ ತೊಂದರೆಯೆಂದರೆ ಪ್ರತಿ ಸಲವೂ ಮೊದಲಿನಿಂದ ಶುರುಮಾಡುವುದು. ನೀವು ಹತ್ತು ಸಾಲು ಮೇಲೆ ಆವರ್ತ ಕಡಿಮೆ ಮಾಡಿರುತ್ತೀರಿ, ಆಟೋಜೀರೋ ಆರಿಸಿರುತ್ತೀರಿ. ‘ಮೆಷರ್?’ ಬಂದವನೇ ಎಲ್ಲವನ್ನೂ ಒರೆಸಿ, ಫ್ಯಾಕ್ಟರಿಯಲ್ಲಿ ಇದ್ದಂತೆ ಮಾಡಿ, ಆಮೇಲೆ ಅಳೆಯುತ್ತಾನೆ. ಬಳಕೆದಾರರು ‘ನಾನು ಎಲ್ಲಾ ಸೆಟ್ಟಿಂಗ್ ಬದಲಿಸಿದೆ ಸಾರ್, ಏನೂ ವ್ಯತ್ಯಾಸ ಆಗ್ಲಿಲ್ಲ’ ಎನ್ನುವುದರ ಮೂಲ ಇಲ್ಲಿದೆ. ಅವನನ್ನು ಬಿಡಿಸಿ, ‘ಕಾನ್ಫಿಗರ್’ ಆಜ್ಞೆಯಿಂದ ಒಂದೇ ಒಂದು ಸಲ ಸಜ್ಜುಮಾಡಿ, ನಂತರ ನಿಮ್ಮ ಸೆಟ್ಟಿಂಗ್‌ಗಳನ್ನು ಕೊಟ್ಟು, ಅಲ್ಲಿಂದ ಮುಂದಕ್ಕೆ ಬರಿಯ ‘ರೀಡ್?’ ಬಳಸಿ.

ಅದರಲ್ಲೂ ಒಂದು ‘ರೀಡ್?’ಗೆ ಒಂದೇ ಅಂಕಿ ಕೇಳುವುದು, ಕೊತ್ತಂಬರಿಗೆ ಒಮ್ಮೆ ಅಂಗಡಿಗೆ ಹೋಗಿ ಮನೆಗೆ ಬಂದು, ಹಸಿಮೆಣಸಿನಕಾಯಿಗೆ ಮತ್ತೆ ಚಪ್ಪಲಿ ಮೆಟ್ಟಿದಂತೆ. ‘ಸ್ಯಾಂಪಲ್ ಕೌಂಟ್ 100’ ಎಂದು ಹೇಳಿದರೆ ಒಂದೇ ಕರೆಗೆ ನೂರು ಅಂಕಿ, ನಡುವೆ ಅಲ್ಪವಿರಾಮ ಹಾಕಿಕೊಂಡು ಬರುತ್ತವೆ. ಮೀಟರಿನ ಒಳಗಿನ ಮೆಮೊರಿಯಲ್ಲೇ ಕೂಡಿಟ್ಟು ಆಮೇಲೆ ತರಿಸಿಕೊಳ್ಳುವುದಾದರೆ 512ರ ತನಕ ಹಿಡಿಸುತ್ತದೆ. ಟೈಮ್‌ಔಟನ್ನು ನೂರು ರೀಡಿಂಗಿಗೆ ತಕ್ಕಷ್ಟು ಏರಿಸಿ ಇದೊಂದನ್ನು ಮಾಡಿದರೂ ಈ ಕೈಪಿಡಿಯ ಬೆಲೆ ಬಂದಂತೆ.

50 ಹರ್ಟ್ಸ್ ಎಂಬ ಯಜಮಾನ

ಇಲ್ಲಿ ಸ್ವಲ್ಪ ನಿಧಾನಿಸಬೇಕು. ಅವಸರಪಡುವವರು ಕೆಡುವುದು ಈ ಜಾಗದಲ್ಲೇ.

ಮೀಟರು ನಿಧಾನವಾಗಿರುವುದಕ್ಕೆ ಕಾರಣ ಅದರ ಸೋಮಾರಿತನವಲ್ಲ, ನಮ್ಮ ಗೋಡೆಯೊಳಗಿನ ಕರೆಂಟು. ಅದು ಸೆಕೆಂಡಿಗೆ 50 ಸಲ ಏರಿಳಿಯುತ್ತದೆ. ಟ್ಯೂಬ್‌ಲೈಟಿನ ಚೋಕು, ವ್ಯಾಕ್ಯೂಮ್ ಪಂಪು, ಪಕ್ಕದ ಲ್ಯಾಬಿನ ಫರ್ನೇಸು ಎಲ್ಲವೂ ಈ ಏರಿಳಿತವನ್ನು ನಿಮ್ಮ ತಂತಿಗಳೊಳಗೆ ಕೇಳದೆ ಸೇರಿಸುತ್ತವೆ. ನಿಮ್ಮ ಸ್ಯಾಂಪಲ್ಲಿನ ವೋಲ್ಟೇಜು ಕೆಲವು ಮೈಕ್ರೋವೋಲ್ಟು. ಒಳಗೆ ಗುಂಯ್‌ಗುಡುವ ಈ ಕಸ ನೂರು ಮೈಕ್ರೋವೋಲ್ಟು ಇದ್ದರೂ ಆಶ್ಚರ್ಯವಿಲ್ಲ. ಮೀಟರು ಸರಿಯಾಗಿ 20 ಮಿಲಿಸೆಕೆಂಡು, ಅಂದರೆ ಪೂರ್ತಿ ಒಂದು ಆವರ್ತ, ಸರಾಸರಿ ತೆಗೆದರೆ ಏರಿದ್ದೂ ಇಳಿದದ್ದೂ ಒಂದಕ್ಕೊಂದು ವಜಾ ಆಗಿ ಕಸ ಸಾವಿರದಲ್ಲೊಂದು ಪಾಲಿಗೆ ಇಳಿಯುತ್ತದೆ. ಅಂಕಿಗಳ ಭಾಷೆಯಲ್ಲಿ 60 ಡೆಸಿಬೆಲ್. ಮೀಟರಿನ ಮೆನುವಿನಲ್ಲಿ ‘ಎನ್‌ಪಿಎಲ್‌ಸಿ’ ಎಂದು ಕಾಣುವುದು ಈ ಆವರ್ತಗಳ ಸಂಖ್ಯೆಯೇ: 100, 10, 1, 0.2, 0.02.

10ರಿಂದ 1ಕ್ಕೆ ಇಳಿಸಿ. ವೇಗ ಹತ್ತು ಪಟ್ಟು, ಅಡ್ಡಾದಿಡ್ಡಿ ಗದ್ದಲ ಹೆಚ್ಚೂಕಡಿಮೆ ಮೂರು ಪಟ್ಟು. ಲಾಭದ ವ್ಯಾಪಾರ. 1ರಿಂದ ಕೆಳಕ್ಕೆ ಇಳಿಸುವ ಮುನ್ನ ಮಾತ್ರ ಎರಡು ಸಲ ಯೋಚಿಸಿ. 0.02 ಎಂದರೆ 0.4 ಮಿಲಿಸೆಕೆಂಡು. ಅಷ್ಟರಲ್ಲಿ ಮೀಟರಿಗೆ ಕಾಣುವುದು ಅಲೆಯ ಒಂದು ಚೂರು. ತುದಿಯೋ, ತಳವೋ, ನಡುವೋ, ಅದರ ಅದೃಷ್ಟ. ವಜಾ ಆಗುವುದು ಏನೂ ಇಲ್ಲ. ಸೆಕೆಂಡಿಗೆ ಸಾವಿರದ ತನಕ ರೀಡಿಂಗ್ ಎಂದು ಜಾಹೀರಾತಿನಲ್ಲಿ ಹೇಳುವುದು ಈ 0.02ರ, ನಾಲ್ಕೂವರೆ ಅಂಕಿಯ ವೇಗವನ್ನು. ಆರೂವರೆ ಅಂಕಿಗೆಂದು ದುಡ್ಡು ಕೊಟ್ಟು ನಾಲ್ಕೂವರೆಯಲ್ಲಿ ಓಡಿಸುವುದು ನಿಮ್ಮ ಇಷ್ಟ.

ಇಲ್ಲೊಂದು ವಿಶೇಷ ಆಕರ್ಷಣೆಯೂ ಇದೆ. 0.02ಕ್ಕೆ ಇಟ್ಟು, ಸರಿಯಾಗಿ 100 ಮಿಲಿಸೆಕೆಂಡಿಗೊಂದು ರೀಡಿಂಗ್ ತೆಗೆಯಿರಿ. ನಮ್ಮ ಗ್ರಿಡ್ ಸರಿಯಾಗಿ 50ರಲ್ಲಿ ನಿಲ್ಲುವುದಿಲ್ಲ, ನಿಯಮವೇ 49.90ರಿಂದ 50.05ರ ತನಕ ಬಿಟ್ಟುಕೊಟ್ಟಿದೆ. ಆ ಮಧ್ಯಾಹ್ನ ಅದು 49.95ರಲ್ಲಿ ಇದ್ದರೆ ನಿಮ್ಮ ಗ್ರಾಫಿನ ಮೇಲೆ 20 ಸೆಕೆಂಡಿಗೊಮ್ಮೆ ಏರಿ ಇಳಿಯುವ, ನುಣುಪಾದ, ಅತ್ಯಂತ ನಂಬಲರ್ಹವಾದ ಅಲೆಯೊಂದು ಮೂಡುತ್ತದೆ. ಸಂಜೆಗೆ ಗ್ರಿಡ್ ಬದಲಾದಾಗ ಅಲೆಯ ಅವಧಿಯೂ ಬದಲಾಗುತ್ತದೆ. ಇದಕ್ಕೆ ಸಿದ್ಧಾಂತ ಕಟ್ಟಿ ಜರ್ನಲ್ಲಿಗೆ ಕಳಿಸುವ ಮುಂಚೆ ದಯವಿಟ್ಟು ಮೀಟರನ್ನು 1 ಆವರ್ತಕ್ಕೆ ತಿರುಗಿಸಿ ನೋಡಿ. ಅಲೆ ಮಾಯವಾದರೆ ನೀವು ಕಂಡುಹಿಡಿದದ್ದು ವಿದ್ಯುತ್ ಸರಬರಾಜು.

ಅಮೆರಿಕದಿಂದ ಬಂದ ಮೀಟರುಗಳಿಗೆ ಒಂದು ಮಾತು. ಅಲ್ಲಿಯ ಕರೆಂಟು 60 ಹರ್ಟ್ಸ್, ಆವರ್ತ 16.7 ಮಿಲಿಸೆಕೆಂಡು. 34401ಎ ಆನ್ ಆಗುವಾಗಲೇ ಊರಿನ ಕರೆಂಟನ್ನು ನೋಡಿ ತಿದ್ದಿಕೊಳ್ಳುತ್ತದೆ. ಹಾಗೆ ತಿದ್ದಿಕೊಳ್ಳದ ಉಪಕರಣಗಳಲ್ಲಿ ಸೆಟ್ಟಿಂಗ್ 60ರಲ್ಲೇ ಉಳಿದಿದ್ದರೆ, 1 ಆವರ್ತಕ್ಕೆ ಇಟ್ಟಾಗಲೂ ಕಸದ ಸುಮಾರು ಐದನೇ ಒಂದು ಪಾಲು ಒಳಗೇ ಉಳಿಯುತ್ತದೆ.

ಸಣ್ಣಪುಟ್ಟ ಉಳಿತಾಯ

ಆಟೋಜೀರೋ ಆರಿಸಿದರೆ ಸಮಯ ಅರ್ಧಕ್ಕೆ ಇಳಿಯುತ್ತದೆ. ಆದರೆ ಮೀಟರು ಬಿಸಿಯಾಗುತ್ತ ಹೋದಂತೆ ಅದರ ಸೊನ್ನೆ ಜರುಗುತ್ತದೆ. ಮೀಟರನ್ನು ಆನ್ ಮಾಡಿ ಒಂದು ಗಂಟೆ ಬಿಡಿ, ಆಮೇಲೆ ಆಟೋಜೀರೋ ಆರಿಸಿ, ನಡುನಡುವೆ ‘ಒನ್ಸ್’ ಎಂಬ ಆಜ್ಞೆ ಕೊಟ್ಟು ಒಮ್ಮೊಮ್ಮೆ ಸೊನ್ನೆ ನೋಡಿಸಿ. ಯಾರಾದರೂ ಬಂದು ಎಸಿ ಹಾಕಿದ ಕೂಡಲೇ ಇನ್ನೊಮ್ಮೆ.

ರೇಂಜನ್ನು ಕಟ್ಟಿಹಾಕಿ. ಮೀಟರಿನ ಹೊಟ್ಟೆಯಿಂದ ‘ಟಿಕ್, ಟಿಕ್’ ಎಂದು ಕೇಳಿಸುತ್ತಿದ್ದರೆ ಅದು ರೇಂಜ್ ಹುಡುಕುತ್ತ ರಿಲೇ ಬಡಿಯುತ್ತಿದೆ ಎಂದು ತಿಳಿಯಿರಿ. ಎಸಿ ವೋಲ್ಟೇಜ್ ಅಳೆಯುವವರು ಫಿಲ್ಟರ್ 3 ಹರ್ಟ್ಸ್‌ಗೆ ಇದೆಯೇ ಎಂದು ನೋಡಿಕೊಳ್ಳಿ. ಇದ್ದರೆ ಒಂದೊಂದು ರೀಡಿಂಗಿಗೂ 7 ಸೆಕೆಂಡು. 200 ಹರ್ಟ್ಸ್‌ಗೆ ಇಟ್ಟರೆ ಸೆಕೆಂಡಿಗೆ 10. ಹಾಗೆಂದು ಮನೆಯ 50 ಹರ್ಟ್ಸ್ ಕರೆಂಟನ್ನೇ ಅಳೆಯುತ್ತಿರುವವರು 200 ಒತ್ತಬೇಡಿ.

ಮುಖದ ಡಿಸ್‌ಪ್ಲೇ ಆರಿಸಿದರೂ ಸ್ವಲ್ಪ ವೇಗ ಸಿಗುತ್ತದೆ, ಅಂಕಿ ಬರೆಯುವ ಕೆಲಸ ಒಳಗಿನ ಪ್ರೊಸೆಸರಿಗೆ ತಪ್ಪುವುದರಿಂದ. ಎಚ್ಚರಿಕೆ: ಮುಖ ಕಪ್ಪಾದ ಮೀಟರನ್ನು ಕಂಡವರು ಅದು ಕೆಟ್ಟಿದೆ ಎಂದೋ, ಯಾರೋ ಆರಿಸಲು ಮರೆತಿದ್ದಾರೆ ಎಂದೋ ತಿಳಿಯುತ್ತಾರೆ. ಸಂಜೆ ಐದೂವರೆಗೆ ಬೀಗ ಹಾಕಲು ಬರುವ ಅಟೆಂಡರ್ ಕರೆಂಟು ಉಳಿಸುವ ಒಳ್ಳೆಯ ಮನಸ್ಸಿನಿಂದ ಸ್ವಿಚ್ ಒತ್ತಿದರೆ ಮೆಮೊರಿಯಲ್ಲಿ ಕೂಡಿಟ್ಟ 512 ರೀಡಿಂಗೂ ಹೋದವು. ಒಂದು ಚೀಟಿ ಬರೆದು ಅಂಟಿಸಿ: ‘ಕೆಟ್ಟಿಲ್ಲ. ಕೆಲಸದಲ್ಲಿದೆ. ಮುಟ್ಟಬೇಡಿ.’ ಚೀಟಿ ಕನ್ನಡದಲ್ಲೇ ಇರಲಿ, ಇಂಗ್ಲಿಷಿನವನ್ನು ಯಾರೂ ಓದುವುದಿಲ್ಲ.

‘ಟ್ರಿಗರ್ ಡಿಲೇ 0’, ಅಂದರೆ ಅಳೆಯುವ ಮುನ್ನ ಕಾಯಬೇಡ ಎಂಬ ಆಜ್ಞೆ, ಕೊಟ್ಟರೂ ಸಮಯ ಉಳಿಯುತ್ತದೆ ಎಂದು ನಿಮಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಕಡಿಮೆ ರೋಧಕ್ಕೆ ಸರಿ. 10 ಮೆಗಾಓಮ್ ಅಳೆಯುವಾಗ ಕೇಬಲ್ಲಿನ 200 ಪೈಕೋಫ್ಯಾರಡ್ ತುಂಬಿಕೊಳ್ಳುವ ಕಾಲಾಂಕವೇ 2 ಮಿಲಿಸೆಕೆಂಡು. ಐದು ಕಾಲಾಂಕ ಕಳೆದರೂ ಶೇಕಡಾ 0.7 ಬಾಕಿ ಇರುತ್ತದೆ, ಹತ್ತು ಲಕ್ಷಕ್ಕೊಂದು ಪಾಲಿನ ನಿಖರತೆಗೆ 14 ಬೇಕು. ಸಾವಿರ ಮೆಗಾಓಮ್ ಆದರೆ ಇದೇ ಲೆಕ್ಕ ಮೂರು ಸೆಕೆಂಡಿನ ಹತ್ತಿರ ಹೋಗುತ್ತದೆ.

ತಂತಿಯ ದಾರಿ

ಮೀಟರಿನ ಬೆನ್ನಿಗಿರುವ ಸೀರಿಯಲ್ ಪೋರ್ಟಿನಲ್ಲಿ, 9600 ಬಾಡ್‌ನಲ್ಲಿ, ಸೆಕೆಂಡಿಗೆ ಹೆಚ್ಚೆಂದರೆ 960 ಅಕ್ಷರ ಹೋಗುತ್ತವೆ. ಒಂದು ರೀಡಿಂಗ್ ಎಂದರೆ ಚಿಹ್ನೆ, ದಶಾಂಶ, ಘಾತ ಎಲ್ಲ ಸೇರಿ ಹದಿನಾರು ಹದಿನೇಳು ಅಕ್ಷರ. ಮೀಟರು ಎಷ್ಟೇ ಓಡಿದರೂ ಈ ಕೊಳವೆಯಲ್ಲಿ ಸೆಕೆಂಡಿಗೆ ಅರವತ್ತಕ್ಕಿಂತ ಹೆಚ್ಚು ಬರುವುದಿಲ್ಲ. ಸೀರಿಯಲ್ ಪೋರ್ಟ್ ಇಲ್ಲದ ಲ್ಯಾಪ್‌ಟಾಪಿಗೆ ಯುಎಸ್‌ಬಿ ಕನ್ವರ್ಟರ್ ಸಿಕ್ಕಿಸಿದ್ದರೆ ಇನ್ನೊಬ್ಬ ಆರೋಪಿ ಸಿಗುತ್ತಾನೆ: ಎಫ್‌ಟಿಡಿಐ ಚಿಪ್ಪಿನ ‘ಲೇಟೆನ್ಸಿ ಟೈಮರ್’. ಚೂರುಪಾರು ಅಕ್ಷರಗಳನ್ನು ಕಳಿಸುವ ಮೊದಲು ಅದು 16 ಮಿಲಿಸೆಕೆಂಡು ಇನ್ನೇನಾದರೂ ಬರುತ್ತದೇನೋ ಎಂದು ಕಾಯುತ್ತದೆ. ಡ್ರೈವರ್ ಸೆಟ್ಟಿಂಗಿನಲ್ಲಿ ಅದನ್ನು 1ಕ್ಕೆ ಇಳಿಸಬಹುದು. ಬೇರೆ ಯಾವ ಉಳಿತಾಯಕ್ಕೂ ಇಷ್ಟು ಕಡಿಮೆ ಶ್ರಮ ಸಾಲದು.

ಜಿಪಿಐಬಿ ವೇಗದ್ದೇ. ಆದರೆ ಅದರ ಶಿಷ್ಟಾಚಾರ ವಿಚಿತ್ರ. ಒಂದೊಂದು ಬೈಟು ಹೋದಾಗಲೂ, ಕೇಳುತ್ತಿರುವವರೆಲ್ಲ ‘ಸಿಕ್ಕಿತು’ ಎನ್ನುವ ತನಕ ಮುಂದಿನದು ಹೊರಡುವುದಿಲ್ಲ. ಸಾಲಿನಲ್ಲಿ 15 ಉಪಕರಣಗಳ ತನಕ ಇರಬಹುದು, ಒಟ್ಟು 20 ಮೀಟರ್ ಕೇಬಲ್; ಅವುಗಳಲ್ಲಿ ಅತಿ ನಿಧಾನದವನ ಹೆಜ್ಜೆಗೆ ಎಲ್ಲರ ಹೆಜ್ಜೆ. ಹಿಂದಿನ ಕಾಲದ ಪ್ಲಾಟರೊಂದು ಮೂಲೆಯಲ್ಲಿ ಇನ್ನೂ ಸಿಕ್ಕಿಕೊಂಡಿದ್ದರೆ ಅದನ್ನು ಗೌರವದಿಂದ ಕಳಚಿ.

ಕಂಪ್ಯೂಟರಿನ ಪಾಲಿನ ಪಾಪ

ಇಷ್ಟೆಲ್ಲ ಆದ ಮೇಲೆ ಕಂಪ್ಯೂಟರಿನ ಸರದಿ ನಿಜವಾಗಿಯೂ ಬರುತ್ತದೆ. ಪ್ರತಿ ಹೊಸ ಅಂಕಿಗೂ ಹಿಂದಿನ ಹತ್ತು ಸಾವಿರವನ್ನೂ ಸೇರಿಸಿ ಇಡೀ ಗ್ರಾಫನ್ನು ಹೊಸದಾಗಿ ಬಿಡಿಸುವ ಪ್ರೋಗ್ರಾಂಗಳಿವೆ. ಬೆಳಿಗ್ಗೆ ಚುರುಕಾಗಿದ್ದು ಮಧ್ಯಾಹ್ನದ ಹೊತ್ತಿಗೆ ತೂಕಡಿಸುವುದು ಇವೇ. ಗ್ರಾಫನ್ನು ಸೆಕೆಂಡಿಗೆ ಒಮ್ಮೆ ಬಿಡಿಸಿದರೆ ಸಾಕು, ಅದಕ್ಕಿಂತ ಬೇಗ ನೋಡಿ ನಿಮಗೂ ಏನೂ ಮಾಡಲಾಗದು. ವಿಂಡೋಸ್‌ನಲ್ಲಿ 1 ಮಿಲಿಸೆಕೆಂಡು ಮಲಗು ಎಂದರೆ 15.6 ಮಿಲಿಸೆಕೆಂಡು ಮಲಗುವುದುಂಟು. ಹೀಗಾಗಿ ವೇಗದ ರೀಡಿಂಗ್‌ಗಳ ಪಕ್ಕ ಕಂಪ್ಯೂಟರಿನ ಗಡಿಯಾರದಿಂದ ಸಮಯ ಬರೆಯಬೇಡಿ. ಹೊರಗಿನ ಟ್ರಿಗರ್ ಪಲ್ಸಿನಿಂದ ಮೀಟರನ್ನು ಓಡಿಸಿ.

ದೋಷ ಕಂಡುಬಂದಲ್ಲಿ

ದೋಷ: ಎಲ್ಲವನ್ನೂ ಮಾಡಿಯಾಗಿದೆ, ರೀಡಿಂಗ್ ಸುರಿಯುತ್ತಿದೆ, ಆದರೂ ಫಲಿತಾಂಶ ಸರಿಬರುತ್ತಿಲ್ಲ.

ಎಂ.ಎಸ್ಸಿ. ಲ್ಯಾಬುಗಳ ಹಳೆಯ ಪ್ರಯೋಗವೊಂದನ್ನು ತೆಗೆದುಕೊಳ್ಳಿ: ಇಟ್ರಿಯಂ, ಬೇರಿಯಂ, ತಾಮ್ರದ ಆಕ್ಸೈಡಿನ ಕರಿಯ ಬಿಲ್ಲೆ. 1987ರಲ್ಲಿ ಈ ವಸ್ತು 90 ಕೆಲ್ವಿನ್‌ಗಿಂತ ಮೇಲೇ ಸೂಪರ್‌ಕಂಡಕ್ಟರ್ ಆಗುತ್ತದೆಂದು ಗೊತ್ತಾದಾಗ ಜಗತ್ತಿನ ಲ್ಯಾಬುಗಳೆಲ್ಲ ರಾತ್ರಿ ಹಗಲು ಎನ್ನದೆ ಅದರ ಹಿಂದೆ ಬಿದ್ದವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆರ್. ರಾವ್ ಅವರ ತಂಡವೂ ಅದೇ ವರ್ಷ ಅದನ್ನು ಮಾಡಿ ಅಳೆದು ಪ್ರಕಟಿಸಿತು. ಇವತ್ತು ಅದು ಪ್ರಾಕ್ಟಿಕಲ್ ಪರೀಕ್ಷೆಯ ಒಂದು ಪ್ರಶ್ನೆ. ಬಿಲ್ಲೆಗೆ ನಾಲ್ಕು ತಂತಿ, ಪಕ್ಕದಲ್ಲಿ ಪಿಟಿ-100 ತಾಪಮಾಪಕ, 77 ಕೆಲ್ವಿನ್‌ನ ದ್ರವ ನೈಟ್ರೋಜನ್.

ಅವಸರದವರು ಬಿಲ್ಲೆಯನ್ನು ಐದು ನಿಮಿಷದಲ್ಲಿ ಕೆಳಗಿಳಿಸುತ್ತಾರೆ. 300ರಿಂದ 77ಕ್ಕೆ ಐದು ನಿಮಿಷ ಎಂದರೆ ಸೆಕೆಂಡಿಗೆ ಮುಕ್ಕಾಲು ಕೆಲ್ವಿನ್. ರೋಧ ಸೊನ್ನೆಗೆ ಬೀಳುವ ಜಾಗದ ಅಗಲವೇ ಒಂದು ಕೆಲ್ವಿನ್ ಇದ್ದರೆ ಅದು ಒಂದೂವರೆ ಸೆಕೆಂಡಿನೊಳಗೆ ಮುಗಿದುಹೋಗುತ್ತದೆ. ಒಂದು ಬಿಂದುವಿಗೆ ಬೇಕಾದ್ದು ಮೂರು ರೀಡಿಂಗ್: ಕರೆಂಟನ್ನು ಆ ಕಡೆ ಹರಿಸಿ ಒಂದು, ತಂತಿಗಳ ಬೆಸುಗೆಯಲ್ಲಿ ಹುಟ್ಟುವ ಉಷ್ಣ ವೋಲ್ಟೇಜನ್ನು ಕಳೆಯಲು ಈ ಕಡೆ ಹರಿಸಿ ಇನ್ನೊಂದು, ತಾಪಮಾಪಕಕ್ಕೆ ಮತ್ತೊಂದು. ಪಿತ್ರಾರ್ಜಿತ ಪ್ರೋಗ್ರಾಂನಲ್ಲಿ ಅದಕ್ಕೆ ಸುಮಾರು ಮೂರು ಸೆಕೆಂಡು. ಗ್ರಾಫಿನಲ್ಲಿ ಇಳಿಜಾರೇ ಇರುವುದಿಲ್ಲ. ಮೇಲೊಂದು ಚುಕ್ಕಿ, ಕೆಳಗೊಂದು ಚುಕ್ಕಿ, ನಡುವೆ ಸ್ಕೇಲಿನಲ್ಲಿ ಎಳೆದ ಗೆರೆ.

ಈ ಕೈಪಿಡಿಯ ಪ್ರಕಾರ ಎಲ್ಲ ಮಾಡಿದರೆ ಮೂರು ರೀಡಿಂಗೂ ಸೆಕೆಂಡಿನ ಹತ್ತನೇ ಒಂದು ಪಾಲಿನಲ್ಲಿ ಮುಗಿಯುತ್ತವೆ. ಇಳಿಜಾರಿನ ಮೇಲೆ ಹತ್ತಾರು ಚುಕ್ಕಿ. ಆಗ ಹೊಸ ಪೇಚು ಶುರು: ತಣ್ಣಗಾಗುವಾಗ ಒಂದು ಗೆರೆ, ಬೆಚ್ಚಗಾಗುವಾಗ ಎರಡು ಮೂರು ಕೆಲ್ವಿನ್ ಆಚೆಗೆ ಇನ್ನೊಂದು ಗೆರೆ. ಬಿಲ್ಲೆಗೂ ತಾಪಮಾಪಕಕ್ಕೂ ಒಂದೇ ತಾಪಮಾನ ಇಲ್ಲ. ಶಾಖ ಒಂದರಿಂದ ಇನ್ನೊಂದಕ್ಕೆ ಹರಿಯಲು ಅದರದೇ ಹೊತ್ತು ಬೇಕು, ಅದಕ್ಕೆ ಯಾವ ಸ್ಕಿಪ್ಪಿ ಆಜ್ಞೆಯೂ ಇಲ್ಲ.

ಪರಿಹಾರ: ಎರಡನ್ನೂ ಒಂದೇ ತಾಮ್ರದ ತುಂಡಿಗೆ ಗ್ರೀಸ್ ಹಚ್ಚಿ ಕೂರಿಸಿ, ಡ್ಯೂಅರ್ ಪಾತ್ರೆಯ ಕುತ್ತಿಗೆಯಲ್ಲಿ ದ್ರವದ ಮೇಲಿನ ತಣ್ಣನೆಯ ಆವಿಯಲ್ಲಿ ಇಂಚಿಂಚಾಗಿ ಇಳಿಸಿ. ಎರಡು ಗಂಟೆ ಹಿಡಿಯುತ್ತದೆ. ಇಷ್ಟು ನಿಧಾನವಾಗಿ ಇಳಿಸುವಾಗ ನಿಮಿಷಕ್ಕೆ ಎರಡೇ ಕೆಲ್ವಿನ್. ಪಿತ್ರಾರ್ಜಿತ ಪ್ರೋಗ್ರಾಂ ಕೂಡ ಆ ಇಳಿಜಾರಿನ ಮೇಲೆ ಹತ್ತು ಚುಕ್ಕಿ ಇಡುತ್ತಿತ್ತು ಎಂಬ ಸಂಗತಿಯನ್ನು ಗೈಡ್ ತಾವಾಗಿ ಲೆಕ್ಕ ಹಾಕಿ ಹೇಳುವ ತನಕ ನೀವು ಎತ್ತಬೇಡಿ. ಸಿಕ್ಕಿದ ಹೆಚ್ಚುವರಿ ವೇಗವನ್ನು ಸರಾಸರಿಗೆ ಬಳಸಿ, ಗದ್ದಲ ಇಳಿಸಿ, ಅದನ್ನೇ ತೋರಿಸಿ.

ಕೆಲಸ ಮುಗಿದ ಮೇಲೆ ರೀಸೆಟ್ ಆಜ್ಞೆ ಕಳಿಸಿ. ರೇಂಜನ್ನು 100 ಮಿಲಿವೋಲ್ಟಿಗೆ ಕಟ್ಟಿಹಾಕಿ ಹಾಗೇ ಬಿಟ್ಟುಹೋದರೆ ನಾಳೆ ಬೆಳಿಗ್ಗೆ ಬಿ.ಎಸ್ಸಿ. ಬ್ಯಾಚಿನವರು ಒಂದೂವರೆ ವೋಲ್ಟಿನ ಸೆಲ್ಲು ತಂದು ಜೋಡಿಸುತ್ತಾರೆ, ಮೀಟರು ‘ಓವರ್‌ಲೋಡ್’ ಎನ್ನುತ್ತದೆ, ಅವರು ಸೆಲ್ಲು ಕೆಟ್ಟಿದೆಯೆಂದು ಸ್ಟೋರಿಗೆ ಇಂಡೆಂಟ್ ಬರೆಯುತ್ತಾರೆ.